ಫೋನೂ ಒಂದು ಹಸು: ಬಾಂಗ್ಲಾದೇಶದ ಫೋನ್ ಮಹಿಳೆಯರಿಂದ ನಮಗೊಂದು ಪಾಠ



ಬಟವಾಡೆಯ ದಿನ ಹಾಲು ಹಾಕಿ ಮನೆಗೆ ಬರುವಷ್ಟರಲ್ಲಿ ಫೋನಿಗೆ ಮೆಸೇಜ್ ಬಂದಿರುತ್ತದೆ, ಇಷ್ಟು ಹಣ ಖಾತೆಗೆ ಜಮಾ ಆಗಿದೆ ಎಂದು. ಹಿಂದೆ ಸಂಘದ ಮುಂದೆ ಸಾಲಿನಲ್ಲಿ ನಿಂತು, ಕಾರ್ಯದರ್ಶಿ ಎಣಿಸಿ ಕೊಟ್ಟ ನೋಟುಗಳನ್ನು ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದವರಿಗೆ ಈ ಬದಲಾವಣೆ ಎಷ್ಟು ದೊಡ್ಡದೆಂದು ಗೊತ್ತು. ಅದಕ್ಕೂ ಹಿಂದಿನ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲಿರುವ ಮಗನೊಡನೆ ಮಾತಾಡಬೇಕೆಂದರೆ ಹೋಬಳಿ ಊರಿನ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ ಹೋಗಬೇಕಿತ್ತು. ಮಾತಾಡುವಾಗ ಕಣ್ಣು ಮೀಟರಿನ ಮೇಲೆಯೇ ಇರುತ್ತಿತ್ತು. ಆಮೇಲೆ ಅಂಗಡಿಗಳ ಮುಂದೆ ಒಂದು ರೂಪಾಯಿ ನಾಣ್ಯ ಹಾಕುವ ಡಬ್ಬಿ ಫೋನ್ ಬಂತು. ಈಗ ಆ ಬೂತೂ ಇಲ್ಲ, ಆ ಡಬ್ಬಿಯೂ ಇಲ್ಲ. ಅದನ್ನೇ ನಂಬಿ ಸಂಸಾರ ನಡೆಸುತ್ತಿದ್ದವರು ಬೇರೆ ಕೆಲಸ ಹುಡುಕಿಕೊಂಡರು.

ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ ಇದೇ ಕಾಲದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ವಿದೇಶದ ಟೆಲಿಫೋನ್ ಕಂಪನಿಯೊಂದು ಅಲ್ಲಿ ಬಂಡವಾಳ ಹಾಕಿತು. ಹಳ್ಳಿಯ ಬಡ ಹೆಣ್ಣುಮಕ್ಕಳು ಸಾಲ ಮಾಡಿ ಮೊಬೈಲ್ ತೆಗೆದುಕೊಂಡು, ಊರವರಿಗೆಲ್ಲ ಮಾತಾಡಲು ಕೊಟ್ಟು ದುಡಿದರು. ಅದರಿಂದ ಅವರಿಗೆ ಬಂದದ್ದೇನು, ಕೈತಪ್ಪಿದ್ದೇನು? ಹಾಲು ಮಾರಿ ಬದುಕುವ ನಮಗೆ ಈ ಕಥೆ ತಿಳಿದಿರಬೇಕು. ಯಾಕೆಂದರೆ ಆ ಯೋಜನೆ ಹುಟ್ಟಿದ್ದೇ ಒಂದು ಹಸುವಿನ ಲೆಕ್ಕದಿಂದ.

ಹಸುವಿನ ಲೆಕ್ಕ

ಇಕ್ಬಾಲ್ ಖಾದಿರ್ ಎಂಬುವರು ಬಾಂಗ್ಲಾದೇಶದ ಜೆಸ್ಸೋರ್‌ನವರು. 1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧ ನಡೆಯುತ್ತಿದ್ದಾಗ ಅವರಿನ್ನೂ ಹುಡುಗ. ಮನೆಯವರೆಲ್ಲ ಪಟ್ಟಣ ಬಿಟ್ಟು ಹಳ್ಳಿಯಲ್ಲಿ ತಲೆಮರೆಸಿಕೊಂಡಿದ್ದರು. ತಾಯಿ ಒಂದು ದಿನ ಔಷಧಿ ತರಲೆಂದು ಬೇರೆ ಊರಿಗೆ ಕಳುಹಿಸಿದರು. ಹುಡುಗ ಬೆಳಗ್ಗೆಯೆಲ್ಲ ನಡೆದು ಹೋದ. ಹೋಗಿ ನೋಡಿದರೆ ಔಷಧಿ ಕೊಡುವವರು ಊರಲ್ಲಿಲ್ಲ. ಮಧ್ಯಾಹ್ನವೆಲ್ಲ ನಡೆದು ಬರಿಗೈಯಲ್ಲಿ ಹಿಂತಿರುಗಿದ. ಒಂದು ದಿನ ಪೂರ್ತಿ ವ್ಯರ್ಥವಾಯಿತು.

ಮುಂದೆ ಖಾದಿರ್ ಅಮೆರಿಕಕ್ಕೆ ಹೋಗಿ ಓದಿ, ನ್ಯೂಯಾರ್ಕ್‌ನಲ್ಲಿ ಹಣಕಾಸಿನ ಕೆಲಸಕ್ಕೆ ಸೇರಿದರು. 1993ರಲ್ಲಿ ಒಂದು ದಿನ ಕಚೇರಿಯ ಕಂಪ್ಯೂಟರುಗಳ ಸಂಪರ್ಕ ಕಡಿದುಹೋಗಿ ಯಾರಿಗೂ ಕೆಲಸ ಸಾಗಲಿಲ್ಲ. ಆಗ ಅವರಿಗೆ ಅಂದಿನ ಔಷಧಿಯ ನಡಿಗೆ ನೆನಪಾಯಿತು. ಸಂಪರ್ಕ ಇಲ್ಲದಿದ್ದರೆ ನ್ಯೂಯಾರ್ಕ್ ಆದರೂ ಅಷ್ಟೆ, ಜೆಸ್ಸೋರ್‌ನ ಹಳ್ಳಿಯಾದರೂ ಅಷ್ಟೆ, ದುಡಿಮೆ ನಿಲ್ಲುತ್ತದೆ ಎಂದು ಅವರಿಗೆ ಅನ್ನಿಸಿತು. ಆ ಹೊತ್ತಿಗೆ ಬಾಂಗ್ಲಾದೇಶದಲ್ಲಿ ಸುಮಾರು 500 ಜನರಿಗೆ ಒಂದು ಫೋನ್ ಇತ್ತು. ಅವೂ ಹೆಚ್ಚಿನವು ಪಟ್ಟಣಗಳಲ್ಲಿ. ಹಳ್ಳಿಗಳಲ್ಲಿ ಇಲ್ಲವೆಂದೇ ಹೇಳಬೇಕು.

ಹಳ್ಳಿಗೆ ಫೋನ್ ತರೋಣ ಎಂದರೆ ಎಲ್ಲರದ್ದೂ ಒಂದೇ ಪ್ರಶ್ನೆ: ಬಡವರು ಫೋನ್ ಕೊಳ್ಳುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಗ್ರಾಮೀಣ ಬ್ಯಾಂಕಿನಲ್ಲಿ. ಮುಹಮ್ಮದ್ ಯೂನುಸ್ ಕಟ್ಟಿದ ಈ ಬ್ಯಾಂಕು 1983ರಿಂದ, ಅಡವಿಡಲು ಏನೂ ಇಲ್ಲದ ಹಳ್ಳಿಯ ಹೆಣ್ಣುಮಕ್ಕಳಿಗೆ ಸಣ್ಣ ಸಣ್ಣ ಸಾಲ ಕೊಡುತ್ತಿತ್ತು. ನಮ್ಮ ಸ್ವಸಹಾಯ ಸಂಘಗಳ ಹಾಗೆ ಅಲ್ಲಿಯೂ ಐದೈದು ಜನರ ಗುಂಪು, ವಾರದ ಸಭೆ, ವಾರದ ಕಂತು. ಹಲವರು ಆ ಸಾಲದಲ್ಲಿ ಏನು ಮಾಡುತ್ತಿದ್ದರು? ಒಂದು ಹಸು ಕೊಳ್ಳುತ್ತಿದ್ದರು. ಹಾಲು ಮಾರಿ ಕಂತು ಕಟ್ಟುತ್ತಿದ್ದರು. ಕಂತು ತೀರಿದ ಮೇಲೆ ಹಸು ಅವರದ್ದು.

ಖಾದಿರ್ ಅವರ ಯೋಚನೆ ಇಲ್ಲಿಂದ ಹೊರಟಿತು. ಹಸುವಿಗೆ ಸಾಲ ಕೊಡಬಹುದಾದರೆ ಫೋನಿಗೆ ಯಾಕೆ ಕೊಡಬಾರದು? ಹೆಣ್ಣುಮಗಳೊಬ್ಬಳು ಸಾಲದಲ್ಲಿ ಫೋನ್ ತೆಗೆದುಕೊಳ್ಳಲಿ. ಹಾಲು ಮಾರುವಂತೆ ನಿಮಿಷಗಳನ್ನು ಮಾರಲಿ. ಬಂದ ಹಣದಲ್ಲಿ ಕಂತು ಕಟ್ಟಲಿ. ಒಬ್ಬರಿಗೆ ಫೋನ್ ಕೊಳ್ಳುವ ಶಕ್ತಿ ಇಲ್ಲದಿರಬಹುದು, ಆದರೆ ಇಡೀ ಊರು ಸೇರಿದರೆ ಒಂದು ಫೋನನ್ನು ಸಾಕಬಲ್ಲದು.

ಬಂಡವಾಳ ಹಾಕಿದವರು

ಯೋಚನೆ ಒಳ್ಳೆಯದು, ಆದರೆ ಟವರ್ ನಿಲ್ಲಿಸಲು ಕೋಟಿಗಟ್ಟಲೆ ಹಣ ಬೇಕು. ಖಾದಿರ್ ಕೆಲಸ ಬಿಟ್ಟು ‘ಗೊನೊಫೋನ್’ ಎಂಬ ಸಣ್ಣ ಕಂಪನಿ ಮಾಡಿಕೊಂಡರು. ಬಂಗಾಳಿಯಲ್ಲಿ ಹಾಗೆಂದರೆ ಜನರ ಫೋನ್ ಎಂದರ್ಥ. ಬಂಡವಾಳಕ್ಕಾಗಿ ದೇಶದೇಶ ಸುತ್ತಿದರು. ಕೊನೆಗೆ ನಾರ್ವೆ ದೇಶದ ಸರ್ಕಾರಿ ಟೆಲಿಫೋನ್ ಕಂಪನಿ ಟೆಲಿನಾರ್ ಒಪ್ಪಿತು. ಎಲ್ಲರೂ ಸೇರಿ ‘ಗ್ರಾಮೀಣಫೋನ್’ ಕಂಪನಿ ಕಟ್ಟಿದರು. ಅದರ ಷೇರುಗಳು ಮೊದಲಿಗೆ ಹೀಗೆ ಹಂಚಿಕೆಯಾದವು:

ಟೆಲಿನಾರ್ (ನಾರ್ವೆ): 51%
ಗ್ರಾಮೀಣ ಟೆಲಿಕಾಂ (ಯೂನುಸ್ ಅವರ ಬಳಗದ ಲಾಭರಹಿತ ಸಂಸ್ಥೆ): 35%
ಮಾರುಬೆನಿ (ಜಪಾನ್): 9.5%
ಗೊನೊಫೋನ್: 4.5%

ಈ ಪಟ್ಟಿಯನ್ನು ಮರೆಯಬೇಡಿ, ಮುಂದೆ ಇದೇ ಮುಖ್ಯವಾಗುತ್ತದೆ.

1996ರ ಕೊನೆಗೆ ಲೈಸೆನ್ಸ್ ಸಿಕ್ಕಿತು. 1997ರ ಮಾರ್ಚ್ 26ರಂದು, ಬಾಂಗ್ಲಾದೇಶದ ಸ್ವಾತಂತ್ರ್ಯ ದಿನದಂದೇ, ಸೇವೆ ಶುರುವಾಯಿತು. ಕಂಪನಿಗೆ ಒಂದು ಅನುಕೂಲವೂ ಇತ್ತು. ಬಾಂಗ್ಲಾ ರೈಲ್ವೆಯವರು ನಾರ್ವೆಯ ನೆರವಿನಿಂದ ಹಳಿಗಳ ಉದ್ದಕ್ಕೂ ಆಪ್ಟಿಕಲ್ ಫೈಬರ್ ಕೇಬಲ್ ಹಾಕಿಸಿದ್ದರು. ಅದನ್ನು ಗ್ರಾಮೀಣಫೋನ್ ಬಾಡಿಗೆಗೆ ಪಡೆಯಿತು. ರೈಲು ಹೋದ ಕಡೆಗೆಲ್ಲ ಫೋನಿನ ಸಂಪರ್ಕವೂ ಬೇಗ ಹೋಯಿತು.

ಕಂಪನಿ ಧರ್ಮಕ್ಕೆ ಬಂದದ್ದಲ್ಲ ಎಂಬುದನ್ನೂ ನೆನಪಿಡಬೇಕು. ಪಟ್ಟಣದ ಗಿರಾಕಿಗಳು ಅದರ ಮುಖ್ಯ ವ್ಯಾಪಾರ. ಹಳ್ಳಿಯ ಫೋನ್ ಅದರ ಜೊತೆಗೆ ನಡೆದ ಕೆಲಸ. ಆದರೆ ಅದು ನಷ್ಟದ ಕೆಲಸವಾಗಲಿಲ್ಲ, ಹೇಗೆಂದು ನೋಡೋಣ.

ನಿಮಿಷ ಮಾರುವ ವ್ಯಾಪಾರ

ಹಳ್ಳಿಯಲ್ಲಿ ಫೋನ್ ಯಾರಿಗೆ ಕೊಡಬೇಕೆಂದು ಗ್ರಾಮೀಣ ಬ್ಯಾಂಕಿನವರೇ ಆರಿಸುತ್ತಿದ್ದರು. ಹಿಂದಿನ ಸಾಲದ ಕಂತು ತಪ್ಪಿಸದವರು, ಮನೆ ಊರ ನಡುವೆ ಇರುವವರು, ಮನೆಯಲ್ಲಿ ಅಂಕಿ ಓದಿ ನಂಬರ್ ಒತ್ತಬಲ್ಲವರು ಒಬ್ಬರಾದರೂ ಇರುವವರಿಗೆ ಆದ್ಯತೆ. ಫೋನ್ ಕೊಳ್ಳಲು ಬ್ಯಾಂಕು ಸಾಲ ಕೊಡುತ್ತಿತ್ತು. ಸಂಪರ್ಕ ಕೊಡಿಸುವುದು, ಬಳಸುವುದನ್ನು ಹೇಳಿಕೊಡುವುದು ಗ್ರಾಮೀಣ ಟೆಲಿಕಾಂನ ಕೆಲಸ. ಸಿಗ್ನಲ್ ಸಿಗದ ಊರುಗಳಲ್ಲಿ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟುತ್ತಿದ್ದರು. ಕರೆಂಟ್ ಇಲ್ಲದ ಊರುಗಳಲ್ಲಿ ಬ್ಯಾಟರಿ ಅಥವಾ ಸೋಲಾರ್ ಹಲಗೆಯಿಂದ ಚಾರ್ಜ್ ಮಾಡುತ್ತಿದ್ದರು.

ಆದಾಯ ಬರುತ್ತಿದ್ದದ್ದು ಹೀಗೆ. ಗ್ರಾಮೀಣ ಟೆಲಿಕಾಂ ಕಂಪನಿಯಿಂದ ನಿಮಿಷಗಳನ್ನು ಸಗಟು ದರದಲ್ಲಿ ಕೊಂಡು ಕಡಿಮೆ ಬೆಲೆಗೆ ಫೋನ್ ಮಹಿಳೆಗೆ ಕೊಡುತ್ತಿತ್ತು. ಆಕೆ ಊರವರಿಗೆ ಚಿಲ್ಲರೆ ದರದಲ್ಲಿ ಮಾರುತ್ತಿದ್ದಳು. ನಡುವಿನ ವ್ಯತ್ಯಾಸ ಆಕೆಯದು. ತಿಳಿಯಲೆಂದು ಒಂದು ಲೆಕ್ಕ ಹಾಕೋಣ: ನಿಮಿಷಕ್ಕೆ 2 ರೂಪಾಯಿ ಕೊಟ್ಟು ತಂದು 4 ರೂಪಾಯಿಗೆ ಮಾರಿದರೆ, ದಿನಕ್ಕೆ 60 ನಿಮಿಷ ಮಾತಾದಾಗ 120 ರೂಪಾಯಿ ಉಳಿಯುತ್ತದೆ. ಇದರ ಮೇಲೆ, ಹೊರಗಿನಿಂದ ಕರೆ ಬಂದರೆ ಮಗುವನ್ನು ಓಡಿಸಿ ಆ ಮನೆಯವರನ್ನು ಕರೆಸುವುದಕ್ಕೂ ಸ್ವಲ್ಪ ಹಣ. ಬಿಲ್ಲನ್ನು ವಾರದ ಸಭೆಯಲ್ಲಿ ಕಂತಿನ ಜೊತೆಗೇ ಕಟ್ಟುತ್ತಿದ್ದರು.

ಒಂದು ಊರಿಗೆ ಒಂದೇ ಫೋನ್ ಇದ್ದುದರಿಂದ ಅದು ಬಿಡುವಿಲ್ಲದೆ ದುಡಿಯುತ್ತಿತ್ತು. ಪಟ್ಟಣದ ಗಿರಾಕಿಯ ಫೋನ್ ದಿನಕ್ಕೆ ನಾಲ್ಕು ಸಲ ರಿಂಗಾದರೆ ಹಳ್ಳಿಯ ಫೋನಿನಲ್ಲಿ ಊರೇ ಮಾತಾಡುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಯೂನುಸ್ ಮತ್ತು ಗ್ರಾಮೀಣ ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟಾಗ ಅವರು ಹೇಳಿದ ಲೆಕ್ಕ ನೋಡಿ. ಆಗ ಫೋನ್ ಮಹಿಳೆಯರು ಸುಮಾರು 3 ಲಕ್ಷ. ಕಂಪನಿಯ ಒಟ್ಟು ಗಿರಾಕಿಗಳು 1 ಕೋಟಿಗೂ ಹೆಚ್ಚು. ನೂರಕ್ಕೆ ಮೂವರಷ್ಟೂ ಇಲ್ಲದ ಈ ಹೆಣ್ಣುಮಕ್ಕಳಿಂದ ಕಂಪನಿಗೆ ಬರುತ್ತಿದ್ದ ಆದಾಯ 19%. ಹಾಗಾಗಿ ಕಂಪನಿ ಬಡವರಿಗೆ ಉಪಕಾರ ಮಾಡಿತು ಎಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಆ ಬಡ ಹೆಣ್ಣುಮಕ್ಕಳೂ ಕಂಪನಿಯನ್ನು ಸಾಕಿದರು.

ಊರು ಅವಳ ಬಾಗಿಲಿಗೆ ಬಂತು

ಹಣ ಮಾತ್ರವಲ್ಲ, ಬೇರೆ ಬದಲಾವಣೆಗಳೂ ಆದವು. ಆ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಸಂತೆಗೆ ಹೋಗುವುದೂ ಕಡಿಮೆ. ಅಂಥವರ ಮನೆ ಬಾಗಿಲಿಗೆ ಈಗ ಊರಿನ ದೊಡ್ಡ ಜಮೀನುದಾರರೂ ಬಂದು, ಅಕ್ಕಾ ಒಂದು ಕರೆ ಮಾಡಬೇಕಿತ್ತು ಎಂದು ಕೇಳುವಂತಾಯಿತು. ಜನ ಕಾಯುತ್ತ ಕೂರಲು ಜಗಲಿಯಲ್ಲಿ ಜಾಗ ಮಾಡಬೇಕಾಯಿತು.

ಕರೆಗಳಲ್ಲಿ ದೊಡ್ಡ ಪಾಲು ಹಣಕಾಸಿನದ್ದು. ಸೌದಿಯಲ್ಲೋ ಮಲೇಷ್ಯಾದಲ್ಲೋ ದುಡಿಯುವ ಮಗನಿಂದ ಹಣ ಬಂತೇ, ಯಾವ ದಾರಿಯಲ್ಲಿ ಕಳುಹಿಸಿದ, ಎಷ್ಟು ಕಳುಹಿಸಿದ ಎಂದು ತಾಯಿ ನೇರವಾಗಿ ಕೇಳತೊಡಗಿದಳು. ಮಧ್ಯವರ್ತಿ ಹೇಳಿದ್ದೇ ಲೆಕ್ಕ ಎಂಬ ಕಾಲ ಹೋಯಿತು. ರೈತರು ಢಾಕಾದ ಮಾರುಕಟ್ಟೆಯ ದರ ವಿಚಾರಿಸಿ ಮಾಲು ಕೊಡುತ್ತಿದ್ದರು. ವೈದ್ಯರು ಇದ್ದಾರೋ ಇಲ್ಲವೋ ಎಂದು ಕೇಳಿಕೊಂಡು ಹೊರಡುತ್ತಿದ್ದರು. ಖಾದಿರ್ ಅವರ ಆ ಔಷಧಿಯ ನಡಿಗೆ ನೆನಪಿದೆಯಲ್ಲ, ಅಂಥ ನಡಿಗೆಗಳು ಸಾವಿರಾರು ಜನರಿಗೆ ತಪ್ಪಿದವು. ಪಟ್ಟಣಕ್ಕೆ ಹೋಗಿ ಬರುವ ಬಸ್ ಚಾರ್ಜು, ಕಳೆಯುವ ಒಂದು ದಿನದ ಕೂಲಿ, ಇವುಗಳ ಮುಂದೆ ಒಂದು ಕರೆಯ ಬೆಲೆ ಏನೂ ಅಲ್ಲ.

ಬ್ಯಾಂಕಿನ ಆಡಳಿತ ಮಂಡಳಿಗೂ ಇವರಲ್ಲಿ ಕೆಲವರು ಆರಿಸಿ ಬಂದರು. ನೊಬೆಲ್ ಪ್ರಶಸ್ತಿ ಸಮಾರಂಭಕ್ಕೆ ನಾರ್ವೆಗೆ ಹೋದ ಒಂಬತ್ತು ಮಂದಿ ನಿರ್ದೇಶಕಿಯರಲ್ಲಿ ನಾಲ್ವರು ಫೋನ್ ಮಹಿಳೆಯರೇ.

ಹಸು ಬತ್ತಿತು

ಇಲ್ಲಿಯವರೆಗೆ ಓದಿದವರು, ಹಾಗಾದರೆ ಆ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳಬಹುದು. ನಮ್ಮ ಎಸ್‌ಟಿಡಿ ಬೂತಿನವರಿಗೆ ಆದದ್ದೇ ಅವರಿಗೂ ಆಯಿತು.

ಮೊದಮೊದಲು ಊರಿಗೊಂದು ಫೋನ್. ಆಮೇಲೆ ಒಂದೇ ಊರಿನಲ್ಲಿ ಎರಡು, ಮೂರು, ನಾಲ್ಕು ಮಂದಿಗೆ ಸಾಲ ಕೊಟ್ಟರು. ಗಿರಾಕಿಗಳು ಅವರೇ, ಮಾರುವವರು ಹೆಚ್ಚು. ಅಷ್ಟರಲ್ಲಿ ಬೇರೆ ಕಂಪನಿಗಳೂ ಪೈಪೋಟಿಗೆ ಇಳಿದವು. 2005ರಲ್ಲಿ ಬಾಂಗ್ಲಾಲಿಂಕ್ ಎಂಬ ಕಂಪನಿ ಬಂದ ಮೇಲೆ ಕರೆಯ ದರ ಇನ್ನಷ್ಟು ಇಳಿಯಿತು. ಮೊಬೈಲಿನ ಬೆಲೆಯೂ ಇಳಿಯಿತು. ಸಣ್ಣ ಸಣ್ಣ ಮೊತ್ತಕ್ಕೂ ರೀಚಾರ್ಜ್ ಸಿಗುವಂತಾಯಿತು. ಕೂಲಿ ಮಾಡುವವರ ಜೇಬಿಗೂ ಫೋನ್ ಬಂತು. ಊರಿಗೆ ಇದು ಒಳ್ಳೆಯದೇ. ಆದರೆ ಫೋನ್ ಮಹಿಳೆಯ ಜಗಲಿ ಖಾಲಿಯಾಯಿತು.

ನಾವು ಮೇಲೆ ಹಾಕಿದ ಲೆಕ್ಕವನ್ನೇ ಮತ್ತೆ ಹಾಕಿ. 60 ನಿಮಿಷದ ಜಾಗದಲ್ಲಿ 10 ನಿಮಿಷ, 2 ರೂಪಾಯಿ ಉಳಿತಾಯದ ಜಾಗದಲ್ಲಿ ಅರ್ಧ ರೂಪಾಯಿ. 120 ರೂಪಾಯಿ ಬರುತ್ತಿದ್ದ ಕಡೆ 5 ರೂಪಾಯಿ. ಸಾಲದ ಕಂತು ಮಾತ್ರ ಅಷ್ಟೇ ಇರುತ್ತದೆ.

ಇಲ್ಲಿ ಹಸುವಿಗೂ ಫೋನಿಗೂ ಇರುವ ವ್ಯತ್ಯಾಸ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಹಸು ಬತ್ತಿದರೆ ಮತ್ತೆ ಗಬ್ಬವಾಗುತ್ತದೆ, ಕರು ಹಾಕುತ್ತದೆ, ಕರು ಮುಂದೆ ಪಡ್ಡೆಯಾಗುತ್ತದೆ. ಸಗಣಿ ಗೊಬ್ಬರವಾಗುತ್ತದೆ. ಪಕ್ಕದ ಮನೆಯವರು ಹಸು ಕಟ್ಟಿದರೂ ನಮ್ಮ ಹಾಲು ಬೇಡವಾಗುವುದಿಲ್ಲ, ಊರಲ್ಲಿ ಹಾಲು ಹೆಚ್ಚಾದಷ್ಟೂ ಸಂಘ ಬೆಳೆಯುತ್ತದೆ. ಫೋನ್ ಕರು ಹಾಕುವುದಿಲ್ಲ. ಪಕ್ಕದ ಮನೆಗೆ ಫೋನ್ ಬಂದ ದಿನವೇ ಅದರ ಹಾಲು ಕಡಿಮೆಯಾಗುತ್ತದೆ.

ಮೊದಲ ವರ್ಷಗಳಲ್ಲಿ ಫೋನ್ ಪಡೆದು, ಬಂದ ಆದಾಯವನ್ನು ಜಾನುವಾರಿಗೆ, ಅಂಗಡಿಗೆ, ಜಮೀನಿಗೆ, ಮಕ್ಕಳ ಓದಿಗೆ ಹಾಕಿದವರಿಗೆ ಅದು ಉಳಿಯಿತು. ಕೆಲವರು ರೀಚಾರ್ಜ್ ಮಾಡಿಕೊಡುವ ವ್ಯಾಪಾರಕ್ಕೆ ತಿರುಗಿದರು. ಎಲ್ಲರೂ ಮಾಡುತ್ತಿದ್ದಾರೆಂದು ತಡವಾಗಿ ಸಾಲ ಮಾಡಿ ಇಳಿದವರಿಗೆ ಸಿಕ್ಕಿದ್ದು ಬಹಳ ಕಡಿಮೆ.

ಲಾಭ ಯಾರಿಗೆ ಹೋಯಿತು

ಫೋನ್ ಮಹಿಳೆಯರ ಆದಾಯ ಇಳಿದರೂ ಕಂಪನಿ ಇಳಿಯಲಿಲ್ಲ. ಅದು ಬಾಂಗ್ಲಾದೇಶದ ಅತಿ ದೊಡ್ಡ ಮೊಬೈಲ್ ಕಂಪನಿಯಾಗಿ ಬೆಳೆಯಿತು. ಹಾಗಾದರೆ ಬೆಳೆದ ಲಾಭ ಯಾರಿಗೆ? ಮೊದಲಿಗೆ ಹೇಳಿದ ಷೇರು ಪಟ್ಟಿಗೆ ಈಗ ಬರೋಣ.

ಕಾಲಕ್ರಮದಲ್ಲಿ ಜಪಾನಿನ ಕಂಪನಿಯೂ ಗೊನೊಫೋನೂ ತಮ್ಮ ಷೇರು ಮಾರಿ ಹೊರಬಂದವು. 2006ರ ಹೊತ್ತಿಗೆ ಟೆಲಿನಾರ್ ಬಳಿ 62%, ಗ್ರಾಮೀಣ ಟೆಲಿಕಾಂ ಬಳಿ 38% ಇತ್ತು. ಕಂಪನಿ ಕ್ರಮೇಣ ಗ್ರಾಮೀಣ ಬ್ಯಾಂಕಿನ ಬಡ ಹೆಣ್ಣುಮಕ್ಕಳ ಒಡೆತನಕ್ಕೆ ಬರಬೇಕೆಂಬುದು ಯೂನುಸ್ ಅವರ ಆಸೆ. ಆರಂಭದ ಒಪ್ಪಂದದಲ್ಲಿ, ಆರು ವರ್ಷಗಳ ನಂತರ ಟೆಲಿನಾರ್ ತನ್ನ ಪಾಲನ್ನು 35%ಗಿಂತ ಕೆಳಗೆ ಇಳಿಸುವ ಉದ್ದೇಶದ ಮಾತು ಇತ್ತು. ಅದನ್ನು ನಡೆಸಿಕೊಡಿ ಎಂದು ಯೂನುಸ್ ಕೇಳಿದರು. ಅದು ಉದ್ದೇಶವಷ್ಟೆ, ಕಾನೂನಿನಂತೆ ನಮ್ಮನ್ನು ಕಟ್ಟಿಹಾಕುವ ಕರಾರಲ್ಲ ಎಂದು ಟೆಲಿನಾರ್ ಹೇಳಿತು. ನೊಬೆಲ್ ಪ್ರಶಸ್ತಿಯ ಸಮಯದಲ್ಲೇ ಈ ಜಗಳ ಜಗತ್ತಿಗೆಲ್ಲ ಗೊತ್ತಾಯಿತು. ಟೆಲಿನಾರ್ ಒಡೆತನ ಬಿಟ್ಟುಕೊಡಲಿಲ್ಲ. 2009ರಲ್ಲಿ 10% ಷೇರುಗಳನ್ನು ಸಾರ್ವಜನಿಕರಿಗೆ ಮಾರಿದ ಮೇಲೂ ಅರ್ಧಕ್ಕಿಂತ ಹೆಚ್ಚು ಅದರ ಕೈಯಲ್ಲೇ ಉಳಿಯಿತು.

ಟೆಲಿನಾರ್ ಮಾಡಿದ್ದು ಅನ್ಯಾಯವೇ? ಯಾರೂ ಬರದಿದ್ದಾಗ ಅದು ಹಣ ಹಾಕಿತು, ತಂತ್ರಜ್ಞಾನ ತಂತು, ಅಪಾಯ ಹೊತ್ತಿತು. ಹಾಕಿದವರಿಗೆ ಲಾಭ ಬೇಕು, ಅದು ವ್ಯಾಪಾರದ ನಿಯಮ. ಆದರೆ ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಆ ಮೂರು ಲಕ್ಷ ಹೆಣ್ಣುಮಕ್ಕಳಿಗೆ ಫೋನ್ ಸಿಕ್ಕಿತು, ಕಮಿಷನ್ ಸಿಕ್ಕಿತು, ಹೆಸರು ಸಿಕ್ಕಿತು. ಅವರ ಸ್ವಂತ ಹೆಸರಿನಲ್ಲಿ ಷೇರು ಸಿಗಲಿಲ್ಲ. ಗ್ರಾಮೀಣ ಟೆಲಿಕಾಂನ ಪಾಲು ಕೂಡ ಸಂಸ್ಥೆಯ ಹೆಸರಿನಲ್ಲಿತ್ತೇ ಹೊರತು ಅವರ ಹೆಸರಿನಲ್ಲಿರಲಿಲ್ಲ. ಹಾಗಾಗಿ ನಿಮಿಷದ ವ್ಯಾಪಾರ ಬತ್ತಿದ ದಿನ, ತಾವು ಕಟ್ಟಿ ಬೆಳೆಸಿದ ಕಂಪನಿಯಲ್ಲಿ ಕೇಳಲು ಅವರಿಗೆ ಹಕ್ಕು ಉಳಿಯಲಿಲ್ಲ. ಒಳ್ಳೆಯ ಉದ್ದೇಶದ ಮಾತುಗಳು ಕಾಗದದಲ್ಲಿ ಗಟ್ಟಿಯಾಗಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಇದು ಉದಾಹರಣೆ.

ಅವರು ಸಾಲ ಪಡೆಯುತ್ತಿದ್ದ ಗ್ರಾಮೀಣ ಬ್ಯಾಂಕಿನ ವಿಷಯ ಬೇರೆ. ಆ ಬ್ಯಾಂಕಿನ ಷೇರುಗಳಲ್ಲಿ ಹೆಚ್ಚಿನವು ಸಾಲಗಾರ ಹೆಣ್ಣುಮಕ್ಕಳದ್ದೇ. ಆದ್ದರಿಂದಲೇ ಅಲ್ಲಿ ಅವರು ನಿರ್ದೇಶಕಿಯರಾಗಿ ಕೂತರು.

ಕೊಡುಗೆ ಬೇರೆ, ಪಾಲು ಬೇರೆ

ಈಗ ನಮ್ಮ ಊರಿಗೆ ಬರೋಣ. ಟೆಲಿಫೋನ್ ಕಂಪನಿಯೋ ಇನ್ಯಾವುದೋ ದೊಡ್ಡ ಕಂಪನಿಯೋ ನಮ್ಮ ಹಳ್ಳಿಗೆ ಬಂದಾಗ ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಒಂದು, ಬಂಡವಾಳ. ಟವರ್, ಕೇಬಲ್, ಘಟಕ ಇವೆಲ್ಲ ಕಂಪನಿಯ ವ್ಯಾಪಾರ. ಇದರಿಂದ ಊರಿಗೆ ಅನುಕೂಲವಿದೆ. ಆದರೆ ಒಡೆತನ ಕಂಪನಿಯದ್ದೇ.

ಎರಡು, ಕೊಡುಗೆ. ಶಾಲೆಗೆ ಕೊಠಡಿ, ಕುಡಿಯುವ ನೀರಿನ ಘಟಕ, ಶೌಚಾಲಯ, ಆರೋಗ್ಯ ಶಿಬಿರ. ಇದನ್ನು ಸಿಎಸ್‌ಆರ್ ಎನ್ನುತ್ತಾರೆ. ನಮ್ಮ ದೇಶದಲ್ಲಿ 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿತ ಮಿತಿಗಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ 2% ಹಣವನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಹಾಗಾಗಿ ಗ್ರಾಮ ಪಂಚಾಯಿತಿಯ ಮೂಲಕವೋ ಸಂಘದ ಮೂಲಕವೋ ನಮ್ಮೂರಿಗೆ ಇದು ಬೇಕು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೊಟ್ಟ ಮೇಲೆ ಅದರ ನಿರ್ವಹಣೆ ಯಾರದ್ದು, ಎಷ್ಟು ವರ್ಷ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಉದ್ಘಾಟನೆಯಾದ ಮರುವರ್ಷವೇ ಕೆಟ್ಟು ನಿಂತ ನೀರಿನ ಘಟಕಗಳನ್ನು ನಾವೆಲ್ಲ ನೋಡಿದ್ದೇವೆ.

ಮೂರು, ಪಾಲು. ಇದು ಕಂಪನಿಗಳಿಂದ ನಮಗೆ ಸಿಗುವುದು ಅಪರೂಪ. ಆದರೆ ಹಾಲಿನಲ್ಲಿ ನಮಗೆ ಅದು ಆಗಲೇ ಇದೆ. ನಮ್ಮ ಸಂಘದ ಹಾಲು ಪರೀಕ್ಷಾ ಯಂತ್ರ, ಕಟ್ಟಡ, ಒಕ್ಕೂಟದ ಡೇರಿ, ಪಶು ಆಹಾರದ ಕಾರ್ಖಾನೆ, ಇವೆಲ್ಲದರ ಹಿಂದೆ ನಮ್ಮ ಷೇರು ಹಣ ಇದೆ. ಹತ್ತು ಲೀಟರ್ ಹಾಕುವವರಿಗೂ ನೂರು ಲೀಟರ್ ಹಾಕುವವರಿಗೂ ಒಂದೇ ಓಟು. ಬಾಂಗ್ಲಾದ ಫೋನ್ ಮಹಿಳೆಯರಿಗೆ ಸಿಗದೇ ಹೋದದ್ದು ನಮ್ಮ ಸದಸ್ಯತ್ವದ ಪುಸ್ತಕದಲ್ಲೇ ಇದೆ.

ಟವರ್ ಹೆಸರಿನ ಮೋಸದ ಬಗ್ಗೆಯೂ ಒಂದು ಮಾತು. ನಿಮ್ಮ ಜಮೀನಿನಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಫೋನ್ ಬಂದರೆ ನಂಬಬೇಡಿ. ಟವರ್ ಹಾಕುವ ಕಂಪನಿ ಜಮೀನಿನವರಿಗೆ ಬಾಡಿಗೆ ಕೊಡುತ್ತದೆಯೇ ಹೊರತು ಅವರಿಂದ ಮುಂಗಡ ಕೇಳುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇಂಥ ಟವರಿಗೆ ಪ್ರಮಾಣಪತ್ರ ಕೊಡುವುದೂ ಇಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.

ನಾವು ಮಾಡಬೇಕಾದದ್ದು

ಈ ಕಥೆಯಿಂದ ನಮ್ಮ ಮನೆಗೆ, ನಮ್ಮ ಸಂಘಕ್ಕೆ ತೆಗೆದುಕೊಳ್ಳಬಹುದಾದ ನಾಲ್ಕು ಮಾತುಗಳಿವೆ.

1. ಮೆಸೇಜ್ ಯಾರ ಫೋನಿಗೆ ಬರುತ್ತದೆ ನೋಡಿಕೊಳ್ಳಿ. ಹಸು ಕರೆಯುವವರು ನೀವು, ಸದಸ್ಯತ್ವ ನಿಮ್ಮ ಹೆಸರಿನಲ್ಲಿ, ಬ್ಯಾಂಕ್ ಖಾತೆಯೂ ನಿಮ್ಮದೇ ಇರಬಹುದು. ಆದರೆ ಖಾತೆಗೆ ಜೋಡಿಸಿದ ನಂಬರ್ ಯಜಮಾನರದ್ದೋ ಮಗನದ್ದೋ ಆಗಿದ್ದರೆ ಎಷ್ಟು ಹಣ ಬಂತು, ಎಷ್ಟು ಹೋಯಿತು ಎಂದು ನಿಮಗೆ ಅವರು ಹೇಳಿದರಷ್ಟೇ ಗೊತ್ತು. ನಿಮ್ಮದೇ ನಂಬರ್ ಜೋಡಿಸಲು ಪಾಸ್‌ಬುಕ್, ಆಧಾರ್ ಕಾರ್ಡ್ ತೆಗೆದುಕೊಂಡು ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ, ಬ್ಯಾಂಕಿನವರೆಂದು ಫೋನ್ ಮಾಡಿದವರಿಗೂ ಬೇಡ.

2. ಚೀಟಿಯನ್ನೂ ಮೆಸೇಜನ್ನೂ ತಾಳೆ ನೋಡಿ. ದಿನದ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಇರುತ್ತದೆ. ಬಟವಾಡೆಯ ಅವಧಿಯ ಚೀಟಿಗಳನ್ನು ಒಂದು ದಾರಕ್ಕೆ ಪೋಣಿಸಿ ಇಟ್ಟು, ಪಶು ಆಹಾರದ ಬಾಕಿ ಕಳೆದು, ಬಂದ ಹಣಕ್ಕೆ ಹೋಲಿಸಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಲಿ ಓದಿಸಿ. ವ್ಯತ್ಯಾಸ ಕಂಡರೆ ಕಾರ್ಯದರ್ಶಿಯವರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

3. ಸಾಲ ಮಾಡುವ ಮೊದಲು, ಈ ಹಸು ಎಷ್ಟು ದಿನ ಹಾಲು ಕೊಡುತ್ತದೆ ಎಂದು ಕೇಳಿಕೊಳ್ಳಿ. ಹಾಲು ಕರೆಯುವ ಯಂತ್ರವಾಗಲಿ, ಮೇವು ಕತ್ತರಿಸುವ ಯಂತ್ರವಾಗಲಿ, ಊರಲ್ಲಿ ಸಣ್ಣ ಅಂಗಡಿಯಾಗಲಿ, ಕಂತು ತೀರುವವರೆಗೆ ಅದು ದುಡಿಯಬೇಕು. ಊರಲ್ಲಿ ಆಗಲೇ ನಾಲ್ವರು ಮಾಡುತ್ತಿರುವ ವ್ಯಾಪಾರಕ್ಕೆ ಐದನೆಯವರಾಗಿ ಇಳಿಯುವ ಮುಂಚೆ ಎರಡು ಸಲ ಯೋಚಿಸಿ. ಆದಾಯ ಚೆನ್ನಾಗಿರುವ ಕಾಲದಲ್ಲೇ ಒಂದು ಭಾಗವನ್ನು ಉಳಿಯುವಂಥದ್ದಕ್ಕೆ ಹಾಕಿ: ಒಳ್ಳೆಯ ತಳಿಯ ಹೆಣ್ಣುಗರು, ಜಾನುವಾರು ವಿಮೆ, ಮಕ್ಕಳ ಓದು.

4. ಪಾಲು ನಿಮ್ಮ ಹೆಸರಿನಲ್ಲಿರಲಿ, ಸಭೆಗೆ ನೀವೇ ಹೋಗಿ. ಹಾಲು ನಿಮ್ಮದು, ಷೇರು ಮನೆಯ ಗಂಡಸರ ಹೆಸರಿನಲ್ಲಿ ಎಂದಿದ್ದರೆ ನೀವೂ ಸದಸ್ಯರಾಗಲು ಸಾಧ್ಯವೇ ಎಂದು ಸಂಘದಲ್ಲಿ ವಿಚಾರಿಸಿ. ವಾರ್ಷಿಕ ಮಹಾಸಭೆಯ ನೋಟಿಸ್ ಬಂದಾಗ ಊಟದ ಸಮಯಕ್ಕೆ ಹೋಗಿ ಸಹಿ ಹಾಕಿ ಬರಬೇಡಿ. ಲೆಕ್ಕಪತ್ರ ಓದುವಾಗ ಕೂತು ಕೇಳಿ. ಲಾಭ ಎಷ್ಟು, ಬೋನಸ್ ಎಷ್ಟು, ಕಟ್ಟಡ ನಿಧಿಗೆ ಎಷ್ಟು ಎಂದು ಎದ್ದು ಕೇಳಿ. ಆಡಳಿತ ಮಂಡಳಿಯ ಚುನಾವಣೆಗೆ ನಿಮ್ಮಲ್ಲೊಬ್ಬರು ನಿಲ್ಲಿ.

ಬಾಂಗ್ಲಾದೇಶದಲ್ಲಿ ಆ ಫೋನುಗಳು ಈಗ ಮೂಲೆ ಸೇರಿವೆ. ಆದರೆ ಇಡೀ ಊರು ತಮ್ಮ ಬಾಗಿಲಿಗೆ ಬಂದ ದಿನಗಳಲ್ಲಿ ಆ ಹೆಣ್ಣುಮಕ್ಕಳು ಕಲಿತ ಲೆಕ್ಕ, ಗಳಿಸಿದ ಧೈರ್ಯ ಅವರ ಮಕ್ಕಳಿಗೂ ಹೋಗಿದೆ. ನಮಗೆ ಅವರಿಗಿಂತ ಒಂದು ಹೆಚ್ಚಿನ ಅನುಕೂಲ ಇದೆ. ನಮ್ಮ ಕೊಟ್ಟಿಗೆಯ ಹಸುವೂ ನಮ್ಮದು, ಅದರ ಹಾಲು ಮಾರುವ ಸಂಘವೂ ನಮ್ಮದು. ಎರಡಕ್ಕೂ ಹೊತ್ತು ಹೊತ್ತಿಗೆ ಮೇವು ನೀರು ನೋಡಬೇಕು. ಈ ಬಟವಾಡೆಯ ದಿನ ಮೆಸೇಜ್ ಬಂದಾಗ ಅದನ್ನು ನೀವೇ ತೆರೆದು ನೋಡಿ. ಮೊತ್ತ ಸರಿಯಿದೆಯೇ ಎಂದು ಚೀಟಿ ತೆಗೆದು ಒಮ್ಮೆ ಕೂಡಿಸಿ ನೋಡಿ. ಅಲ್ಲಿಂದಲೇ ಶುರು ಮಾಡೋಣ.